ಧಾರವಾಡದಲ್ಲಿ ಓದುತ್ತಾ ರೊಕ್ಕ ಉಳಿಸಬೇಕು ಅಂತ ಊಟ ಬಿಡಬೇಡಿ

ನೀವು ಕೇಳಿದ್ದು ಇಷ್ಟು. ಸವಣೂರು ತಾಲ್ಲೂಕಿನ ಹಳ್ಳಿಯಿಂದ ಧಾರವಾಡಕ್ಕೆ ಬಿ.ಎಸ್‌ಸಿ. ಓದಲು ಬಂದಿದ್ದೀರಿ. ಸರ್ಕಾರಿ ಹಾಸ್ಟೆಲ್ ಸಿಕ್ಕಿಲ್ಲ. ಮನೆಯಿಂದ ತಿಂಗಳಿಗೆ 6,000 ರೂಪಾಯಿ ಬರುತ್ತದೆ, 20ನೇ ತಾರೀಕಿಗೆಲ್ಲ ಖಾಲಿ. ರಾತ್ರಿ ಊಟ ಬಿಟ್ಟಾದರೂ ಒಂದಿಷ್ಟು ಉಳಿಸಲೇ ಅಂತ ಕೇಳಿದ್ದೀರಿ.

ಬೇಡ. ಬೇರೆ ಮಾತು ಆಮೇಲೆ, ಊಟ ಮಾತ್ರ ಬಿಡಬೇಡಿ.

ನಾನು ರೋಣ ತಾಲ್ಲೂಕಿನ ಹಳ್ಳಿಯವನು. 2016ರಿಂದ 2018ರವರೆಗೆ ಧಾರವಾಡದಲ್ಲಿ ಎಂ.ಕಾಂ. ಓದಿದೆ. ಸಪ್ತಾಪುರದಲ್ಲಿ ಮೂವರು ಸೇರಿ ಒಂದು ರೂಮು ಹಿಡಿದಿದ್ದೆವು. ಮೊದಲ ಸೆಮಿಸ್ಟರಿನಲ್ಲಿ ನಾನೂ ನಿಮ್ಮ ಹಾಗೇ ಯೋಚನೆ ಮಾಡಿದೆ. ಬೆಳಿಗ್ಗೆ ನಾಷ್ಟಾ ಬಿಟ್ಟೆ. ರಾತ್ರಿ ಎರಡು ಬಾಳೆಹಣ್ಣು ತಿಂದು ಮಲಗುತ್ತಿದ್ದೆ. ತಿಂಗಳಿಗೆ 700 ರೂಪಾಯಿ ಉಳಿಯುತ್ತಿತ್ತು. ಐದನೇ ತಿಂಗಳು, ಪರೀಕ್ಷೆ ಹತ್ತಿರ ಬಂದಾಗ ಜ್ವರ ಬಂತು. ಮೈಯಲ್ಲಿ ರಕ್ತ ಕಡಿಮೆಯಾಗಿದೆ ಅಂದರು ಡಾಕ್ಟರು. ಎರಡು ದಿನ ಸಲಾಯಿನ್ ಹಚ್ಚಿದರು. ಔಷಧ, ಟೆಸ್ಟು ಎಲ್ಲ ಸೇರಿ 4,600 ರೂಪಾಯಿ. ಐದು ತಿಂಗಳು ಹೊಟ್ಟೆ ಕಟ್ಟಿ ಉಳಿಸಿದ್ದು 3,500. ಉಳಿದದ್ದನ್ನು ಅಪ್ಪ ಸಾಲ ಮಾಡಿ ತಂದ. ಅವ್ವ ಬಂದವಳು ಹಾಸಿಗೆ ಪಕ್ಕ ಕೂತು ಒಂದೇ ಮಾತು ಹೇಳಿದಳು: "ಹೊಟ್ಟಿಗೆ ಕಡಿಮಿ ಮಾಡಿ ರೊಕ್ಕ ಉಳಸಬ್ಯಾಡೋ ಯಪ್ಪಾ. ನಾ ಬುತ್ತಿ ಕಳಸ್ತೀನಿ."

ಅಲ್ಲಿಂದ ನನ್ನ ಲೆಕ್ಕವೇ ಬದಲಾಯಿತು.

ನಮ್ಮ ಕಡೆಯಿಂದ ಧಾರವಾಡಕ್ಕೆ ಬಂದು ಓದಿದ ಯಾರನ್ನೇ ಕೇಳಿ, ಬುತ್ತಿಯ ಕಥೆ ಇದ್ದೇ ಇರುತ್ತದೆ. ಅವ್ವ ನಸುಕಿನಲ್ಲಿ ಎದ್ದು ರೊಟ್ಟಿ ಬಡಿಯುತ್ತಿದ್ದಳು. ಬಟ್ಟೆ ಚೀಲದ ಮೇಲೆ ನನ್ನ ಹೆಸರು ಬರೆದು, ಊರ ಬಸ್ ಸ್ಟಾಪಿನಲ್ಲಿ ಕಂಡಕ್ಟರ್ ಅಣ್ಣನ ಕೈಗೆ ಕೊಡುತ್ತಿದ್ದಳು. ನಾನು ಇಲ್ಲಿ ಹೊಸ ಬಸ್ ಸ್ಟ್ಯಾಂಡಿನಲ್ಲಿ ಕಾಯುತ್ತಿದ್ದೆ. ನನ್ನ ಜೊತೆ ಇನ್ನೂ ಹತ್ತಾರು ಹುಡುಗರು ತಮ್ಮ ತಮ್ಮ ಊರಿನ ಬಸ್ಸಿಗೆ ಕಾಯುತ್ತಿದ್ದರು. ಹಿಂದಿನ ಸಲದ ಖಾಲಿ ಡಬ್ಬಿ ಅದೇ ಬಸ್ಸಿನಲ್ಲಿ ವಾಪಸ್ ಹೋಗುತ್ತಿತ್ತು. ಕಂಡಕ್ಟರ್ ಅಣ್ಣನಿಗೆ ಹಬ್ಬಕ್ಕೆ ಹೋಳಿಗೆ ಬಿಟ್ಟರೆ ಮನೆಯವರು ಏನೂ ಕೊಟ್ಟಿದ್ದು ನೆನಪಿಲ್ಲ.

ವಾರಕ್ಕೆ ಒಂದು ಬುತ್ತಿ ಬಂದರೂ ಸಾಕು, ತುಂಬಾ ಆಸರೆ ಆಗುತ್ತದೆ. ಮೆತ್ತಗಿನ ರೊಟ್ಟಿ, ಪಲ್ಯ ಆ ದಿನಕ್ಕೆ, ಹೆಚ್ಚೆಂದರೆ ಮರುದಿನಕ್ಕೆ. ಉಳಿದ ದಿನಕ್ಕೆ ಖಡಕ್ ರೊಟ್ಟಿ. ಗಾಳಿ, ತೇವ ತಾಗದಂತೆ ಇಟ್ಟರೆ ಹದಿನೈದು ದಿನವಾದರೂ ಏನೂ ಆಗುವುದಿಲ್ಲ. ಶೇಂಗಾ ಚಟ್ನಿ, ಅಗಸಿ ಚಟ್ನಿ, ಗುರೆಳ್ಳು ಚಟ್ನಿ ತಿಂಗಳು ಬರುತ್ತವೆ. ಇಲ್ಲಿ ನೀವು ಕೊಳ್ಳಬೇಕಾದ್ದು ಮೊಸರು, ಉಳ್ಳಾಗಡ್ಡಿ, ಒಂದಿಷ್ಟು ತರಕಾರಿ. ಮನೆಯಿಂದ ಹೆಸರು ಕಾಳು, ಮಡಿಕೆ ಕಾಳು ತಂದಿಟ್ಟುಕೊಳ್ಳಿ. ರಾತ್ರಿ ನೆನೆಹಾಕಿ, ಬೆಳಿಗ್ಗೆ ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟರೆ ಮರುದಿನಕ್ಕೆ ಮೊಳಕೆ ಬರುತ್ತದೆ. ಅದಕ್ಕೆ ಉಪ್ಪು, ಖಾರ, ನಿಂಬೆಹುಳಿ ಹಾಕಿಕೊಂಡರೆ ಬೆಳಗಿನ ನಾಷ್ಟಾ ಆಯಿತು. ಜೋಳ, ಶೇಂಗಾ, ಕಾಳು, ಮೊಸರು ಬಡವರ ಊಟ ಅಂತ ಯಾರಾದರೂ ಅಂದರೆ ತಲೆ ಕೆಡಿಸಿಕೊಳ್ಳಬೇಡಿ. ಹೋಟೆಲಿನ ಮೈದಾ ಪರೋಟಾಕ್ಕಿಂತ ಇದು ಎಷ್ಟೋ ಮೇಲು.

ನಾನು ಮಧ್ಯಾಹ್ನ ಖಾನಾವಳಿ, ರಾತ್ರಿ ರೂಮು ಅಂತ ಮಾಡಿಕೊಂಡೆ. ಖಾನಾವಳಿಯಲ್ಲಿ ದಿನಾ ರೊಕ್ಕ ಕೊಟ್ಟು ಉಣ್ಣುವುದಕ್ಕಿಂತ ತಿಂಗಳ ಲೆಕ್ಕ ಹಚ್ಚಿಸಿದರೆ ಕಡಿಮೆ ಬೀಳುತ್ತದೆ. ಸೇರುವಾಗಲೇ ಒಂದು ಮಾತು ಕೇಳಿ: ಊರಿಗೆ ಹೋದ ದಿನದ ಊಟ ಲೆಕ್ಕದಿಂದ ಕಳೆಯುತ್ತಾರಾ ಅಂತ. ಕೆಲವರು ಕಳೆಯುತ್ತಾರೆ, ಕೆಲವರು ಇಲ್ಲ. ರಾತ್ರಿ ಮೂವರೂ ಸೇರಿ ಸಣ್ಣ ಕುಕ್ಕರಿನಲ್ಲಿ ಅನ್ನ, ಬೇಳೆ ಸಾರು ಮಾಡುತ್ತಿದ್ದೆವು. ಮನೆಯಿಂದ ರೊಟ್ಟಿ ಬಾರದ ವಾರ, ಓಣಿಯಲ್ಲಿ ರೊಟ್ಟಿ ಮಾಡಿ ಮಾರುವ ಅಕ್ಕನವರ ಹತ್ತಿರ ಎಣಿಸಿ ತರುತ್ತಿದ್ದೆವು. ಅಂಥ ಮನೆ ನಿಮ್ಮ ಓಣಿಯಲ್ಲೂ ಇರುತ್ತದೆ, ಕೇಳಿ ನೋಡಿ. ಕೈ ತೀರಾ ಬಿಗಿಯಾದ ದಿನ ಇಂದಿರಾ ಕ್ಯಾಂಟೀನಿಗೆ ಹೋಗಲು ಸಂಕೋಚ ಬೇಡ. 5 ರೂಪಾಯಿಗೆ ನಾಷ್ಟಾ, 10 ರೂಪಾಯಿಗೆ ಊಟ ಅಂತಲೇ ಅದನ್ನು ಶುರು ಮಾಡಿದ್ದು, ನಿಮ್ಮಂಥವರಿಗಾಗಿಯೇ.

ಇನ್ನು ರೊಕ್ಕ ಎಲ್ಲಿ ಹೋಗುತ್ತದೆ ಅನ್ನುವುದು. ಒಂದು ತಿಂಗಳು, ಒಂದೇ ಒಂದು ತಿಂಗಳು, ಖರ್ಚು ಮಾಡಿದ್ದನ್ನೆಲ್ಲ ಬರೆದಿಡಿ. ಫೋನಿನಲ್ಲಿ ಸ್ಕ್ಯಾನ್ ಮಾಡಿ ಕೊಟ್ಟಿದ್ದನ್ನೂ ಬಿಡಬೇಡಿ, ಅದೇ ಜಾಸ್ತಿ ಮರೆಯುವುದು. ನಾನು ಬರೆದಾಗ ಗೊತ್ತಾಯಿತು, ಚಹಾ, ಗಿರ್ಮಿಟ್, ಮಿರ್ಚಿಗೆ ಅಂತ ದಿನಕ್ಕೆ 40 ರೂಪಾಯಿ ಹೋಗುತ್ತಿತ್ತು. ತಿಂಗಳಿಗೆ 1,200. ಊಟ ಬಿಟ್ಟು ಉಳಿಸಿದ್ದಕ್ಕಿಂತ ಇದೇ ಜಾಸ್ತಿ! ಗೆಳೆಯರ ಜೊತೆ ಸಂಜೆಯ ಚಹಾ ನಿಲ್ಲಿಸಿ ಅಂತ ನಾನು ಹೇಳುವುದಿಲ್ಲ. ಅಷ್ಟೂ ಇಲ್ಲದಿದ್ದರೆ ಊರು ಬಿಟ್ಟು ಬಂದ ಹುಡುಗನಿಗೆ ದಿನ ಕಳೆಯುವುದು ಕಷ್ಟ. ದಿನಕ್ಕೆ ಒಂದೇ ಹೊತ್ತು ಅಂತ ಮಾಡಿಕೊಳ್ಳಿ, ಅಷ್ಟೇ.

ಎರಡನೇ ವರ್ಷ ನನ್ನ ಲೆಕ್ಕ ಹೀಗಿತ್ತು. ಮನೆಯಿಂದ 5,000. ರೂಮು, ಲೈಟ್ ಬಿಲ್ಲು ಸೇರಿ ನನ್ನ ಪಾಲು 1,400. ಮಧ್ಯಾಹ್ನದ ಖಾನಾವಳಿ 1,300. ರಾತ್ರಿಯ ಅಡಿಗೆ ಸಾಮಾನು, ಗ್ಯಾಸು 700. ಚಹಾ, ಮೊಸರು, ಹಣ್ಣು 500. ಫೋನು, ಝೆರಾಕ್ಸು, ಊರಿಗೆ ಹೋಗಿಬರುವುದು 600. ಉಳಿದದ್ದು 500. ಈಗ ಎಲ್ಲದರ ರೇಟು ಏರಿದೆ. ಆದರೆ ಯಾವುದಕ್ಕೆ ಎಷ್ಟು ಪಾಲು ಅನ್ನುವುದು ನಿಮಗೂ ಹೆಚ್ಚು ಕಡಿಮೆ ಹೀಗೇ ಬರಬಹುದು.

ರೂಮನ್ನು ಕಾಲೇಜಿಗೆ ನಡೆದು ಹೋಗುವಷ್ಟು ಹತ್ತಿರ ಹಿಡಿಯಿರಿ. ಬಾಡಿಗೆ 200 ರೂಪಾಯಿ ಜಾಸ್ತಿ ಆದರೂ ಬಸ್ಸಿನ ಖರ್ಚು, ಸಮಯ ಎರಡೂ ಉಳಿಯುತ್ತವೆ. ಹುಬ್ಬಳ್ಳಿಯಿಂದ ದಿನಾ ಓಡಾಡುವುದಾದರೆ ವಿದ್ಯಾರ್ಥಿ ಪಾಸ್ ಮಾಡಿಸಿ, ಅರ್ಜಿ ಸೇವಾ ಸಿಂಧು ಪೋರ್ಟಲಿನಲ್ಲಿ ಹಾಕಬೇಕು. ನಿಮ್ಮ ತಂಗಿಯೂ ಮುಂದಿನ ವರ್ಷ ಬರುತ್ತಾಳೆ ಅಂದಿದ್ದೀರಿ. ಶಕ್ತಿ ಯೋಜನೆ 2023ರ ಜೂನ್‌ನಲ್ಲಿ ಶುರುವಾದ ಮೇಲೆ ಹೆಣ್ಣುಮಕ್ಕಳಿಗೆ ಸರ್ಕಾರಿ ಸಾದಾ ಬಸ್ಸಿನಲ್ಲಿ ಟಿಕೆಟ್ ಹಣವಿಲ್ಲ. ನೀವು ಊರಿಗೆ ಹೋಗಲು ರೈಲೂ ನೋಡಿ. ಯಲವಿಗಿ ಸ್ಟೇಷನ್ ನಿಮ್ಮ ಊರಿಗೆ ಹತ್ತಿರವಿದ್ದರೆ ಹುಬ್ಬಳ್ಳಿಯಿಂದ ಪ್ಯಾಸೆಂಜರ್ ರೈಲಿಗೆ ಬಸ್ಸಿಗಿಂತ ಎಷ್ಟೋ ಕಡಿಮೆ.

ಪುಸ್ತಕಕ್ಕೆ ಜಾಸ್ತಿ ಹೇಳುವುದಿಲ್ಲ. ಮೊದಲು ಕಾಲೇಜಿನ ಲೈಬ್ರರಿ, ಆಮೇಲೆ ಸೀನಿಯರುಗಳು, ಕೊನೆಗೆ ಅಂಗಡಿ. ಧಾರವಾಡದಂಥ ಊರಿನಲ್ಲಿ ಓದಿಗೆ ರೊಕ್ಕ ಅಡ್ಡ ಬರಬಾರದು. 1890ರಲ್ಲೇ ಕರ್ನಾಟಕ ವಿದ್ಯಾವರ್ಧಕ ಸಂಘ ಕಟ್ಟಿದ ಊರು ಇದು.

ಈಗ ಸ್ಕಾಲರ್‌ಶಿಪ್. ಇದರ ಬಗ್ಗೆ ನೀವು ಒಂದಕ್ಷರ ಬರೆದಿಲ್ಲ, ಅದೇ ನನಗೆ ಚಿಂತೆ. ಹಾಸ್ಟೆಲ್ ಸಿಗಲಿಲ್ಲ ಅಂದಿರಿ. ಹಿಂದುಳಿದ ವರ್ಗಕ್ಕೆ ಸೇರಿದವರಾದರೆ ವಿದ್ಯಾಸಿರಿಗೆ ಅರ್ಜಿ ಹಾಕಿದ್ದೀರಾ? ಹಾಸ್ಟೆಲ್ ಸಿಗದೆ ಹೊರಗೆ ಇರುವವರ ಊಟ, ವಸತಿಗೆ ಅಂತಲೇ ಮಾಡಿದ್ದು ಅದು. ತಿಂಗಳಿಗೆ 1,500ರಂತೆ ಹತ್ತು ತಿಂಗಳಿಗೆ 15,000 ರೂಪಾಯಿ ಅಂತ ಇಟ್ಟಿದ್ದರು. ನಿಮ್ಮ ರೂಮಿನ ಬಾಡಿಗೆಯ ದೊಡ್ಡ ಪಾಲು ಅದರಲ್ಲೇ ಹೋಗುತ್ತದೆ. ಹೊಲ ಇದ್ದ ಮನೆಯವರಿಗೆ ರೈತ ವಿದ್ಯಾನಿಧಿ ಅಂತ 2021ರಲ್ಲಿ ಶುರುವಾಯಿತು. ಬಿ.ಎ., ಬಿ.ಎಸ್‌ಸಿ., ಬಿ.ಕಾಂ. ಹುಡುಗರಿಗೆ ವರ್ಷಕ್ಕೆ 5,000, ಹುಡುಗಿಯರಿಗೆ 5,500 ಅಂತ ಇಟ್ಟಿದ್ದರು. ಅದಕ್ಕೆ ಅಪ್ಪನ ಹೆಸರಿನಲ್ಲಿ ಫ್ರೂಟ್ಸ್ ಐಡಿ, ಅಂದರೆ ಸರ್ಕಾರ ರೈತರಿಗೆ ಕೊಡುವ ನೋಂದಣಿ ನಂಬರು, ಇರಬೇಕು. ಇಲ್ಲದಿದ್ದರೆ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ ಮಾಡಿಸಿ. ಈ ವರ್ಷದ ಸೂಚನೆ, ಕೊನೆಯ ದಿನ ಎಲ್ಲ ಸರ್ಕಾರದ ಸ್ಕಾಲರ್‌ಶಿಪ್ ಅರ್ಜಿಯ ಎಸ್‌ಎಸ್‌ಪಿ ಪೋರ್ಟಲಿನಲ್ಲಿ ನೀವೇ ನೋಡಿಕೊಳ್ಳಿ, ಬೇರೆಯವರ ಮಾತು ಕೇಳಿ ಕೂರಬೇಡಿ. ಇನ್ನೊಂದು: ಯಾವ ಬ್ಯಾಂಕ್ ಖಾತೆಗೆ ನಿಮ್ಮ ಆಧಾರ್ ಜೋಡಿಸಿದೆ ಅನ್ನುವುದನ್ನು ಬ್ಯಾಂಕಿಗೆ ಹೋಗಿ ಖಚಿತ ಮಾಡಿಕೊಳ್ಳಿ. ನನ್ನ ರೂಮಿನ ಗೆಳೆಯನ ಸ್ಕಾಲರ್‌ಶಿಪ್ ಅವನು ಹೈಸ್ಕೂಲಿನಲ್ಲಿ ತೆಗೆದ ಹಳೇ ಖಾತೆಗೆ ಹೋಗಿ ಕೂತಿತ್ತು. ಎಂಟು ತಿಂಗಳು ಅವನಿಗೆ ಅದು ಗೊತ್ತೇ ಇರಲಿಲ್ಲ. ಆ ಎಂಟು ತಿಂಗಳು ಅವನು ನಮ್ಮ ಹತ್ತಿರ ಕೈಗಡ ಕೇಳಲು ಎಷ್ಟು ನಾಚುತ್ತಿದ್ದ ಅಂತ ನಾನು ಕಣ್ಣಾರೆ ನೋಡಿದ್ದೇನೆ.

ಉಳಿತಾಯದ ಮಾತಿಗೆ ಬರೋಣ. ತಿಂಗಳ ಕೊನೆಗೆ ಉಳಿದರೆ ಇಡುತ್ತೇನೆ ಅಂದರೆ ಏನೂ ಉಳಿಯುವುದಿಲ್ಲ. ಮನೆಯಿಂದ ರೊಕ್ಕ ಬಂದ ದಿನವೇ ತೆಗೆದಿಡಿ. ನಿಮಗೆ ಈಗ 300 ಸಾಕು. ತಿಂಗಳು ತಿಂಗಳು ಇಷ್ಟು ಅಂತ ಕಟ್ಟುವ ಪೋಸ್ಟ್ ಆಫೀಸಿನ ಆರ್‌ಡಿ 100 ರೂಪಾಯಿಯಿಂದ ಶುರುವಾಗುತ್ತದೆ, ಆದರೆ ಅದು ಐದು ವರ್ಷದ್ದು. ಮೂರು ವರ್ಷವಾಗುವ ಮೊದಲು ಮುರಿಸಲು ಬರುವುದಿಲ್ಲ. ವಿದ್ಯಾರ್ಥಿಗೆ ಅದು ಉದ್ದವಾಯಿತು. ಬ್ಯಾಂಕಿನಲ್ಲಿ ಒಂದು ವರ್ಷದ ಆರ್‌ಡಿ ಮಾಡಿಸಿ. ನಾನು ತಿಂಗಳಿಗೆ 500ರಂತೆ ಕಟ್ಟಿದೆ. ವರ್ಷಕ್ಕೆ 6,000 ಮತ್ತು ಸ್ವಲ್ಪ ಬಡ್ಡಿ ಕೈಗೆ ಬಂತು. ಓದು ಮುಗಿದ ಮೇಲೆ ನೌಕರಿ ಅರ್ಜಿಗಳಿಗೆ, ಬೆಳಗಾವಿ, ಬೆಂಗಳೂರಿಗೆ ಪರೀಕ್ಷೆ ಬರೆಯಲು ಹೋಗಿಬರುವುದಕ್ಕೆ ಅದೇ ಆಯಿತು. ಆ ಒಂದು ವರ್ಷ ಅಪ್ಪನ ಹತ್ತಿರ ಕೈ ಚಾಚಲಿಲ್ಲ.

ಗೆಳೆಯರ ಜೊತೆ ಭಿಶಿ, ಅಂದರೆ ಎಲ್ಲರೂ ತಿಂಗಳಿಗಿಷ್ಟು ಹಾಕಿ ಸರದಿಯಂತೆ ಒಬ್ಬೊಬ್ಬರು ಎತ್ತಿಕೊಳ್ಳುವ ಚೀಟಿ, ಹಾಕಬೇಡಿ. ಊರಲ್ಲಿ ನಮ್ಮ ಅವ್ವಂದಿರ ಭಿಶಿ ನಡೆಯುತ್ತದೆ, ಅಲ್ಲಿ ಯಾರೂ ಊರು ಬಿಟ್ಟು ಹೋಗುವುದಿಲ್ಲ. ರೂಮಿನ ಹುಡುಗರು ಸೆಮಿಸ್ಟರ್ ಮುಗಿದರೆ ಎಲ್ಲೆಲ್ಲೋ.

ಫೋನಿನಲ್ಲಿ ಐದು ನಿಮಿಷಕ್ಕೆ ಸಾಲ ಕೊಡುವ ಆ್ಯಪುಗಳ ಹತ್ತಿರ ಹೋಗಲೇಬೇಡಿ. ನನ್ನ ತಮ್ಮನ ರೂಮಿನ ಹುಡುಗ 3,000 ಕೇಳಿದ. ಕೈಗೆ ಬಂದದ್ದು 2,100. ಏಳನೇ ದಿನಕ್ಕೆ ಪೂರ್ತಿ 3,000 ಕಟ್ಟು ಅಂದರು. ಕಟ್ಟದಿದ್ದಾಗ ಅವನ ಫೋನಿನಲ್ಲಿದ್ದ ನಂಬರುಗಳಿಗೆಲ್ಲ, ಅವನ ಸೋದರಮಾವನಿಗೂ ಕರೆ ಮಾಡಿ ಕೆಟ್ಟದಾಗಿ ಬೈದರು. ಹುಡುಗ ಎರಡು ವಾರ ಕಾಲೇಜಿಗೇ ಹೋಗಲಿಲ್ಲ. ಈಗಾಗಲೇ ಯಾರಾದರೂ ಸಿಕ್ಕಿಹಾಕಿಕೊಂಡಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930 ನಂಬರಿಗೆ ಫೋನ್ ಮಾಡಿ ದೂರು ಕೊಡಿ, ಮನೆಯಲ್ಲಿ ಹೇಳಿ. ಅಪ್ಪ ಬೈಯಬಹುದು. ಬೈದರೂ ಜೊತೆಗೆ ನಿಲ್ಲುತ್ತಾನೆ.

ಈ ಬಡ್ಡಿಯ ಸಂಕಟ ನಮ್ಮ ಸೀಮೆಗೆ ಹೊಸದಲ್ಲ. ಗದಗ ಹತ್ತಿರದ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದ್ದು ಯಾಕೆ? ರೈತರು ಸಾಹುಕಾರರ ಬಡ್ಡಿಗೆ ಸಿಗಬಾರದು ಅಂತ. ನಾನು ಈಗ ಗದಗದಲ್ಲಿ ಒಂದು ಸಹಕಾರಿ ಸಂಘದಲ್ಲೇ ಕೆಲಸ ಮಾಡುತ್ತೇನೆ. ದಿನಾ 20, 50 ರೂಪಾಯಿ ಪಿಗ್ಮಿ ಕಟ್ಟುವ ಕಾಯಿಪಲ್ಲೆ ಮಾರುವ ತಾಯಂದಿರನ್ನು ನೋಡಿದಾಗಲೆಲ್ಲ ಅನಿಸುತ್ತದೆ, ಓದುವ ಹುಡುಗರಿಗೆ ಇದನ್ನು ಯಾರೂ ಕಲಿಸುವುದಿಲ್ಲವಲ್ಲ ಅಂತ.

ಸದ್ಯಕ್ಕೆ ಈ ವಾರ ಮಾಡಬೇಕಾದ್ದು ಎರಡೇ. ನಾಳೆ ಎಸ್‌ಎಸ್‌ಪಿ ಪೋರ್ಟಲ್ ತೆಗೆದು ನೋಡಿ. ಇವತ್ತು ರಾತ್ರಿ ಊಟ ಮಾಡಿ ಅವ್ವನಿಗೆ ಫೋನ್ ಹಚ್ಚಿ, ನಿಮ್ಮೂರಿಂದ ಧಾರವಾಡಕ್ಕೆ ನೇರ ಬಸ್ಸು ಎಷ್ಟು ಗಂಟೆಗಿದೆ ಅಂತ ಕೇಳಿ. ನೇರ ಇಲ್ಲದಿದ್ದರೆ ಹುಬ್ಬಳ್ಳಿಗೆ ಬರುವ ಬಸ್ಸಿನಲ್ಲಿ ಇಡಲಿ. ಭಾನುವಾರ ನೀವೇ ಹೋಗಿ ಇಸಿದುಕೊಳ್ಳಿ. ಡಬ್ಬಿಯ ಮೇಲೆ ನಿಮ್ಮ ಹೆಸರು, ಫೋನ್ ನಂಬರು ಬರೆಯಲು ಹೇಳುವುದನ್ನು ಮರೆಯಬೇಡಿ.