ಸೋತವರ ನಿರ್ಧಾರ ತಪ್ಪೇ ಆಗಿರಬೇಕಾ?

‘ಶತ್ರು ಏನು ಮಾಡುತ್ತಾನೋ ಗೊತ್ತಿಲ್ಲದಿದ್ದರೆ ಗೇಮ್ ಥಿಯರಿಯಿಂದ (ಎದುರಾಳಿಯ ಆಯ್ಕೆಯನ್ನೂ ಲೆಕ್ಕ ಹಾಕಿ ನಿರ್ಧರಿಸುವ ಗಣಿತ) ಏನು ಉಪಯೋಗ, ಸೋತವರ ಲೆಕ್ಕ ತಪ್ಪಿತ್ತು ಎಂದೇ ಅರ್ಥ ಅಲ್ವಾ’ ಎಂದು ಕೇಳಿದ್ದೀರಿ. ಇಲ್ಲ. ಎರಡನೇ ಮಹಾಯುದ್ಧದಲ್ಲಿ, 1943ರಲ್ಲಿ ನಡೆದ ಬಿಸ್ಮಾರ್ಕ್ ಸಮುದ್ರದ ಕದನ ನೋಡಿ.

ಜಪಾನಿನ ಹಡಗುಗಳು ನ್ಯೂ ಬ್ರಿಟನ್ ದ್ವೀಪದ ರಬೌಲ್‌ನಿಂದ ನ್ಯೂ ಗಿನಿಯ ಲೇ ಬಂದರಿಗೆ ಹೋಗಬೇಕಿತ್ತು. ನ್ಯೂ ಬ್ರಿಟನ್ ದ್ವೀಪದ ಉತ್ತರಕ್ಕೆ ಮಳೆ, ಮೋಡ. ದಕ್ಷಿಣಕ್ಕೆ ತಿಳಿಯಾದ ಆಕಾಶ. ಅಮೆರಿಕದ ಜನರಲ್ ಕೆನ್ನಿ ತಮ್ಮ ಹೆಚ್ಚಿನ ವಿಮಾನಗಳನ್ನು ಯಾವ ಕಡೆ ಹುಡುಕಲು ಕಳಿಸಬೇಕು?

ಉತ್ತರದಲ್ಲಿ ಹುಡುಕಿದರೆ, ಹಡಗುಗಳು ಯಾವ ದಾರಿ ಹಿಡಿದರೂ ಬಾಂಬ್ ಹಾಕಲು 2 ದಿನ ಸಿಗುತ್ತಿತ್ತು. ದಕ್ಷಿಣದಲ್ಲಿ ಹುಡುಕಿದರೆ, ಹಡಗುಗಳು ಅಲ್ಲೇ ಬಂದರೆ 3 ದಿನ, ಉತ್ತರಕ್ಕೆ ಹೋದರೆ ಬರೀ 1 ದಿನ. ಈಗ ಜಪಾನ್ ಕಡೆಯಿಂದ ನೋಡಿ. ಉತ್ತರದ ದಾರಿ ಅವರಿಗೆ ಯಾವತ್ತೂ ದಕ್ಷಿಣಕ್ಕಿಂತ ಕೆಟ್ಟದ್ದಲ್ಲ. ಆದ್ದರಿಂದ ಅವರು ಅದನ್ನೇ ಆರಿಸುತ್ತಾರೆ ಎಂದು ಊಹಿಸಬಹುದಿತ್ತು. ಹಾಗೇ ಆಯಿತು; ಕೆನ್ನಿಯೂ ಉತ್ತರವನ್ನೇ ಆರಿಸಿದರು.

ಜಪಾನಿನ 8 ಸಾಗಣೆ ಹಡಗುಗಳೂ ಮುಳುಗಿದವು, ಜೊತೆಗೆ 4 ಡೆಸ್ಟ್ರಾಯರ್ ಯುದ್ಧನೌಕೆಗಳು. ಸಾವಿರಾರು ಜನ ಸತ್ತರು. ಆದರೂ ದಾರಿಯ ಆಯ್ಕೆ ತಪ್ಪಾಗಿರಲಿಲ್ಲ. ಅವರ ಕೈಯಲ್ಲಿ ಇದ್ದದ್ದೇ ಕೆಟ್ಟ ಆಟ. ಈ ವ್ಯತ್ಯಾಸ ನನಗೆ ತುಂಬಾ ಮುಖ್ಯ ಅನಿಸುತ್ತದೆ, ಏಕೆಂದರೆ ನಾವು ಫಲಿತಾಂಶ ನೋಡಿ ಸುಮ್ನೆ ಸೇನಾನಿಯನ್ನು ದೂರುತ್ತೇವೆ. ನೀವೇ ಒಮ್ಮೆ ಈ ನಾಲ್ಕು ಅಂಕಿಗಳನ್ನು ಕಾಗದದ ಮೇಲೆ ಬರೆದು ನೋಡಿ.