ಚಾಲಕರಹಿತ ಕಾರು ಬಂದರೆ ಹುಬ್ಬಳ್ಳಿ-ಧಾರವಾಡ ರಸ್ತೆಯ ದಟ್ಟಣೆ ಇಳಿಯುವುದೇ?

ದಟ್ಟಣೆ ಅರ್ಧಕ್ಕಿಳಿಯುತ್ತದೆ ಎಂಬ ನಿಮ್ಮ ಪ್ರಾಜೆಕ್ಟಿನ ಉತ್ತರವನ್ನು ಮಾರ್ಗದರ್ಶಕರು ಒಪ್ಪದಿರಲು ಕಾರಣ ಬಹುಶಃ ಇದು: ನೀವು ಪ್ರಯಾಣಿಕರಿರುವ ಓಟಗಳನ್ನಷ್ಟೇ ಎಣಿಸಿ, ಖಾಲಿ ಓಟಗಳನ್ನು ಬಿಟ್ಟಿದ್ದೀರಿ. ಇಂಥದೇ ಲೆಕ್ಕದಲ್ಲಿ ನಾನೂ ಅಲ್ಲಿಯೇ ಎಡವಿದ್ದೆ.

ಮೊದಲು ಅದನ್ನು ಸರಿಪಡಿಸಿ. ಸುಮಾರು 22 ಕಿ.ಮೀ. ದೂರದ ಈ ದಾರಿಯಲ್ಲಿ ಬೆಳಿಗ್ಗೆ ಮಾಲೀಕರನ್ನು ಧಾರವಾಡದ ಕಚೇರಿಗೆ ಬಿಟ್ಟ ಕಾರು, ನಿಲ್ಲಲು ಜಾಗ ಹುಡುಕುವ ಬದಲು ಹುಬ್ಬಳ್ಳಿಯ ಮನೆಗೆ ತಾನೇ ಮರಳಿ, ಸಂಜೆ ಅವರನ್ನು ಕರೆತರಲು ಮತ್ತೆ ಹೋದರೆ, ದಿನದ 44 ಕಿ.ಮೀ. ಓಟ 88 ಕಿ.ಮೀ. ಆಗುತ್ತದೆ, ಪ್ರಯಾಣಿಸಿದವರು ಮಾತ್ರ ಆಗಲೂ ಒಬ್ಬರೇ.

ಆಮೇಲೆ ವಾಹನಗಳ ಬದಲು ಜನರನ್ನು ಎಣಿಸಿ. ಮೂರು ನಿಮಿಷಕ್ಕೊಂದರಂತೆ, ತಲಾ 60 ಜನರಿರುವ ಚಿಗರಿ ಬಸ್ಸುಗಳು (ಈ ದಾರಿಯಲ್ಲಿ ತಮ್ಮದೇ ಪ್ರತ್ಯೇಕ ಪಥವಿರುವ ಬಿಆರ್‌ಟಿಎಸ್ ಬಸ್ಸುಗಳು) ಓಡುತ್ತವೆ ಎಂದು ಇಟ್ಟುಕೊಂಡರೆ ಗಂಟೆಗೆ 1200 ಜನ ಸಾಗುತ್ತಾರೆ. ಒಬ್ಬೊಬ್ಬರೇ ಕುಳಿತರೆ ಅಷ್ಟು ಜನರಿಗೆ 1200 ಕಾರುಗಳು ಬೇಕು, ಅವುಗಳನ್ನು ಯಾರು ಓಡಿಸಿದರೂ ಸರಿಯೇ. ಕಾರುಗಳು ಒಂದರ ಹಿಂದೊಂದು ಒತ್ತಾಗಿ ಸಾಗಿ ಜಾಗ ಉಳಿಸುತ್ತವೆ ಎಂಬ ವಾದ, ರಸ್ತೆಯ ಬಹುಪಾಲು ವಾಹನಗಳು ಅಂಥವೇ ಆದಾಗ ಮಾತ್ರ ನಿಲ್ಲುತ್ತದೆ. ಆಟೋ, ಬೈಕುಗಳ ನಡುವೆ ಅದನ್ನು ನೆಚ್ಚಬೇಡಿ.

ಕೊನೆಗೆ, ಹುಬ್ಬಳ್ಳಿಯ ಕೇಶ್ವಾಪುರದಂಥ ಬಡಾವಣೆಗಳಿಂದ ಚಿಗರಿ ನಿಲ್ದಾಣಕ್ಕೆ ಜನರನ್ನು ತಲುಪಿಸುವ ಚಾಲಕರಹಿತ ಸಣ್ಣ ವಾಹನಗಳ ಲೆಕ್ಕವನ್ನು ಪ್ರತ್ಯೇಕವಾಗಿ ಮಾಡಿ. ನಮ್ಮ ಊರಿಗೆ ನಿಜವಾದ ಲಾಭವಿರುವುದು ಇಲ್ಲಿಯೇ ಎಂದು ನಾನು ನಂಬಿದ್ದೇನೆ. ಎಷ್ಟು ಜನ ವಾಹನ ಹಂಚಿಕೊಳ್ಳಲು ಒಪ್ಪುತ್ತಾರೆ ಎಂಬುದು ಊಹೆಯೇ ಆದ್ದರಿಂದ, ಒಂದೇ ಅಂಕಿಯ ಬದಲು ಕನಿಷ್ಠ ಮತ್ತು ಗರಿಷ್ಠ ಅಂದಾಜು ಎರಡನ್ನೂ ಕೊಟ್ಟು ವರದಿಯನ್ನು ಮತ್ತೆ ಸಲ್ಲಿಸಿ.