ಐದು ಸಾವಿರದೊಳಗಿನ ಕಾರ್ ಸ್ಕ್ಯಾನರ್: ಕೋಡ್ ಓದಿದರೆ ಸಾಲದು, ಲೈವ್ ಡೇಟಾ ತೋರಿಸಬೇಕು

ನಿಮ್ಮ ಪ್ರಶ್ನೆ ಇಷ್ಟು: ಹೊಸನಗರದ ಹತ್ತಿರ ಊರು, 2016ರ ಪೆಟ್ರೋಲ್ ಕಾರು. ಮಳೆ ಹಿಡಿದಾಗ ಇಂಜಿನ್ ದೀಪ ಹೊತ್ತಿಕೊಳ್ಳುತ್ತದೆ, ನಾಲ್ಕು ದಿನ ಹೊಳವಾದರೆ ತಾನೇ ಆರಿಹೋಗುತ್ತದೆ. ಶಿವಮೊಗ್ಗಕ್ಕೆ ಹೋಗುವಷ್ಟರಲ್ಲಿ ದೀಪವೇ ಇರುವುದಿಲ್ಲ. ಐದು ಸಾವಿರದೊಳಗೆ ಕೈಯಲ್ಲಿ ಹಿಡಿಯುವ ಸ್ಕ್ಯಾನರ್ ಕೊಳ್ಳಬಹುದೇ, ಕೊಂಡರೆ ಯಾವ ಬಗೆಯದು?

ಖಂಡಿತ ಕೊಳ್ಳಿ. ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ ಅಂಥದ್ದೊಂದು ವರ್ಷಗಳಿಂದ ಇದೆ. ನೆಂಟರ, ನೆರೆಹೊರೆಯವರ ಕಾರುಗಳಿಗೂ ಅದನ್ನೇ ಚುಚ್ಚಿ ನೋಡುತ್ತೇನೆ. ಗ್ಯಾರೇಜು ಮೂವತ್ತು, ನಲವತ್ತು ಕಿಲೋಮೀಟರ್ ದೂರ ಇರುವವರಿಗೆ ಇದು ಆಡಂಬರವಲ್ಲ, ಸ್ಟೆಪ್ನಿ ಜ್ಯಾಕ್‌ನಷ್ಟೇ ಅಗತ್ಯದ ವಸ್ತು ಎಂದು ನನ್ನ ಅಭಿಪ್ರಾಯ.

ಮೊದಲು ಆ ಆರಿಹೋಗುವ ದೀಪದ ವಿಷಯ. ದೋಷ ಮತ್ತೆ ಕಾಣಿಸದೆ ಸತತ ಮೂರು ಚಾಲನಾ ಆವರ್ತ (ಸ್ಟಾರ್ಟ್ ಮಾಡಿ, ಓಡಿಸಿ, ಆಫ್ ಮಾಡಿದರೆ ಒಂದು ಆವರ್ತ) ಮುಗಿದರೆ ಇಂಜಿನ್ ಕಂಪ್ಯೂಟರ್ ಸಾಮಾನ್ಯವಾಗಿ ದೀಪವನ್ನು ಆರಿಸುತ್ತದೆ. ಆದರೆ ಆ ದೋಷಕ್ಕೆಂದು ಬರೆದಿಟ್ಟುಕೊಂಡ ಸಂಕೇತವನ್ನು, ಅಂದರೆ ಕೋಡನ್ನು, ಅಷ್ಟು ಬೇಗ ಮರೆಯುವುದಿಲ್ಲ. ಇಂಜಿನ್ ತಣ್ಣಗಿದ್ದು ಮತ್ತೆ ಬಿಸಿಯಾಗುವ ಸುಮಾರು 40 ಆವರ್ತಗಳವರೆಗೆ ಅದು ನೆನಪಿನಲ್ಲಿ ಉಳಿದಿರುತ್ತದೆ. ಹಾಗಾಗಿ ದೀಪ ಆರಿದ ಮೇಲೂ ಸ್ಕ್ಯಾನರ್ ಹಾಕಿ ಓದಬಹುದು. ಕೆಲವು ಗ್ಯಾರೇಜುಗಳಲ್ಲಿ ದೀಪ ಇಲ್ಲವೆಂದರೆ ನೋಡದೆಯೇ ಕಳುಹಿಸುತ್ತಾರೆ. ಸ್ವಂತ ಸ್ಕ್ಯಾನರ್ ಇದ್ದರೆ ಆ ಪರದಾಟ ತಪ್ಪುತ್ತದೆ.

ಇನ್ನು ಆಯ್ಕೆ. ಅಗ್ಗದ ಸ್ಕ್ಯಾನರುಗಳ ಪೆಟ್ಟಿಗೆಯ ಮೇಲೆಲ್ಲ ‘ಕೋಡ್ ಓದುತ್ತದೆ, ಅಳಿಸುತ್ತದೆ’ ಎಂದು ದೊಡ್ಡದಾಗಿ ಬರೆದಿರುತ್ತದೆ. ಅಷ್ಟನ್ನು ನಂಬಿ ದುಡ್ಡು ಕೊಡಬೇಡಿ. ಕೋಡ್ ಎಂದರೆ ರಾತ್ರಿ ತೋಟದ ಕಡೆ ನಾಯಿ ಬೊಗಳಿದ ಹಾಗೆ: ಯಾವ ದಿಕ್ಕು ಎಂದು ತಿಳಿಯುತ್ತದೆ, ಬಂದದ್ದು ಏನು ಎಂದು ನಾವೇ ಹೋಗಿ ನೋಡಬೇಕು. ಹಾಗೆ ನೋಡಲು ಬೇಕಾದವು ಎರಡು, ಲೈವ್ ಡೇಟಾ (ಇಂಜಿನ್ ಓಡುತ್ತಿರುವಾಗಲೇ ಪರದೆಯ ಮೇಲೆ ಕಾಣುವ ಅದರ ಅಂಕಿಗಳು) ಮತ್ತು ಫ್ರೀಜ್ ಫ್ರೇಮ್. ಇವೆರಡೂ ಇಲ್ಲದ ಉಪಕರಣ ಐನೂರು ರೂಪಾಯಿಗೆ ಸಿಕ್ಕರೂ ನನ್ನ ಮಟ್ಟಿಗೆ ದುಬಾರಿಯೇ.

ಫ್ರೀಜ್ ಫ್ರೇಮ್ ಎಂದರೆ ದೋಷ ದಾಖಲಾದ ಕ್ಷಣದಲ್ಲಿ ಇಂಜಿನ್ನಿನ ವೇಗ, ಅದರ ಮೇಲಿದ್ದ ಹೊರೆ, ಕೂಲಂಟ್ ಬಿಸಿ, ಗಾಡಿಯ ವೇಗ ಇವೆಲ್ಲ ಎಷ್ಟಿದ್ದವು ಎಂಬ ಟಿಪ್ಪಣಿ. ನಮ್ಮ ಕಡೆಯ ರಸ್ತೆಗಳಿಗೆ ಇದರಷ್ಟು ಉಪಯುಕ್ತವಾದದ್ದು ಬೇರೆ ಇಲ್ಲ. ಬೆಳಿಗ್ಗೆ ಅಂಗಳದಲ್ಲಿ ತಣ್ಣಗಿನ ಇಂಜಿನ್ ಸ್ಟಾರ್ಟ್ ಮಾಡಿದಾಗ ಬಂದ ದೋಷವೋ, ಹುಲಿಕಲ್ ಘಾಟಿಯಲ್ಲಿ ಎರಡನೇ ಗೇರಿನಲ್ಲಿ ಏರುವಾಗ ಬಂದದ್ದೋ ಎಂದು ಅದರಿಂದಲೇ ಗೊತ್ತಾಗುತ್ತದೆ. ಮೊದಲನೆಯದಾದರೆ ತೇವದ ಅನುಮಾನ ಬಲವಾಗುತ್ತದೆ, ಎರಡನೆಯದಾದರೆ ಪ್ಲಗ್ಗಿನ ಕಿಡಿಗೆ ವಿದ್ಯುತ್ ಕೊಡುವ ಕಾಯಿಲ್ ದುರ್ಬಲವಾಗಿರಬಹುದು, ಪೆಟ್ರೋಲ್ ಒತ್ತಡ ಸಾಲದಿರಬಹುದು.

ಲೈವ್ ಡೇಟಾದಲ್ಲಿ ನೀವು ನೋಡಲು ಕಲಿಯಬೇಕಾದದ್ದು ಫ್ಯೂಯೆಲ್ ಟ್ರಿಮ್. ಹೊಗೆಯಲ್ಲಿ ಉಳಿದ ಆಮ್ಲಜನಕವನ್ನು ಅಳೆಯುವ ಆಕ್ಸಿಜನ್ ಸೆನ್ಸರ್ ಹೇಳಿದ್ದನ್ನು ಕೇಳಿ ಕಂಪ್ಯೂಟರ್ ಎಷ್ಟು ಪೆಟ್ರೋಲ್ ಹೆಚ್ಚಿಸುತ್ತಿದೆ, ಎಷ್ಟು ಕಡಿಮೆ ಮಾಡುತ್ತಿದೆ ಎಂಬ ಶೇಕಡಾ ಲೆಕ್ಕ ಅದು. ಸೊನ್ನೆಯ ಆಚೀಚೆ 10ರೊಳಗೆ ಇದ್ದರೆ ಚಿಂತೆ ಬೇಡ. ಪ್ಲಸ್ 20, 25 ತೋರಿಸುತ್ತಿದ್ದರೆ ಇಂಜಿನ್ ಎಲ್ಲಿಂದಲೋ ಲೆಕ್ಕಕ್ಕೆ ಸಿಗದ ಗಾಳಿ ಎಳೆಯುತ್ತಿದೆ, ಇಲ್ಲವೇ ಪೆಟ್ರೋಲ್ ಸಾಲುತ್ತಿಲ್ಲ. ನ್ಯೂಟ್ರಲ್‌ನಲ್ಲಿ ನಿಲ್ಲಿಸಿ ಆಕ್ಸಲರೇಟರ್ ಒತ್ತಿ ನಿಮಿಷಕ್ಕೆ 2,500 ಸುತ್ತಿಗೆ ಏರಿಸಿ ನೋಡಿ. ಅಂಕಿ ಇಳಿದರೆ ಬಿರುಕು ಬಿಟ್ಟ ರಬ್ಬರ್ ಪೈಪಿನಿಂದ ಗಾಳಿ ಸೋರುತ್ತಿರುವ ಸಾಧ್ಯತೆ ಹೆಚ್ಚು. ಹೊರೆ ಹೆಚ್ಚಿದಂತೆಲ್ಲ ಅಂಕಿಯೂ ಏರಿದರೆ ಪಂಪ್, ಫಿಲ್ಟರ್ ಕಡೆ ಗಮನ ಕೊಡಬೇಕು. ಗಾಳಿಯ ಪಾಲಿಗೆ ಪೆಟ್ರೋಲ್ ಕಡಿಮೆ ಎಂದು ಹೇಳುವ ಪಿ0171 ಎಂಬ ಕೋಡ್ ಬಂದಾಗ ನೇರವಾಗಿ ಆಕ್ಸಿಜನ್ ಸೆನ್ಸರನ್ನೇ ಬದಲಿಸಿ ಸಾವಿರಾರು ರೂಪಾಯಿ ಬಿಲ್ ಮಾಡಿದ್ದನ್ನು ಕಂಡಿದ್ದೇನೆ. ಪಾಪ, ಆ ಸೆನ್ಸರ್ ನಿಜವನ್ನೇ ಹೇಳುತ್ತಿತ್ತು.

ನಿಮ್ಮ ಕಾರಿನ ಲಕ್ಷಣ ನೋಡಿದರೆ ನನಗೆ ಮೊದಲು ಹೊಳೆಯುವುದು ಮಿಸ್ಸಿಂಗ್, ಅಂದರೆ ಯಾವುದೋ ಸಿಲಿಂಡರಿನಲ್ಲಿ ಪೆಟ್ರೋಲ್ ಸರಿಯಾಗಿ ಉರಿಯದಿರುವುದು. ಪ್ಲಗ್ಗಿನ ಮೇಲಿನ ರಬ್ಬರ್ ಬೂಟ್ ಬಿರುಕು ಬಿಟ್ಟರೆ ಮಳೆಗಾಲದ ತೇವಕ್ಕೆ ಕಿಡಿ ಅಡ್ಡದಾರಿ ಹಿಡಿಯುತ್ತದೆ. ಸ್ಕ್ಯಾನರ್ ಪಿ0301 ಎಂದು ತೋರಿಸಿದರೆ ಒಂದನೇ ಸಿಲಿಂಡರ್, ಪಿ0302 ಎಂದರೆ ಎರಡನೆಯದು. ಪ್ರತಿ ಪ್ಲಗ್ಗಿಗೂ ಪ್ರತ್ಯೇಕ ಕಾಯಿಲ್ ಇರುವ ಇಂಜಿನ್ನಾದರೆ ಒಂದನೆಯ ಕಾಯಿಲನ್ನು ಮೂರನೆಯದರ ಜಾಗಕ್ಕೆ ಹಾಕಿ ಓಡಿಸಿ. ಮುಂದಿನ ಸಲ ಪಿ0303 ಬಂದರೆ ಕಾಯಿಲ್ ಅಥವಾ ಅದರ ಬೂಟ್ ಹಾಳು ಎಂಬುದು ಬಹುಮಟ್ಟಿಗೆ ಖಚಿತ. ಖರ್ಚಿಲ್ಲದ ಪರೀಕ್ಷೆ ಇದು.

ಕೋಡಿನ ವಿವರಣೆಯಲ್ಲಿ ‘ಸರ್ಕ್ಯೂಟ್’ ಎಂಬ ಪದ ಕಂಡರೆ ಹೊಸ ಸೆನ್ಸರ್ ತರುವ ಮೊದಲು ಬಾನೆಟ್ ಎತ್ತಿ ವೈರ್ ನೋಡಿ. ಮಳೆಗಾಲದಲ್ಲಿ ಬೆಚ್ಚಗಿನ ಜಾಗ ಹುಡುಕಿಕೊಂಡು ಇಲಿಗಳು ಇಂಜಿನ್ ಹತ್ತಿರ ಸೇರುತ್ತವೆ. ಅಡಿಕೆ ಚಪ್ಪರದ ಅಡಿಯಲ್ಲಿ, ಕೊಟ್ಟಿಗೆಯ ಪಕ್ಕದಲ್ಲಿ ನಿಲ್ಲಿಸುವ ಕಾರುಗಳಿಗೆ ಈ ಕಾಟ ತಪ್ಪಿದ್ದಲ್ಲ. ಕನೆಕ್ಟರಿನ ಪಿನ್ನುಗಳ ಮೇಲೆ ಹಸಿರು ಕಿಲುಬು ಹಿಡಿದಿದ್ದರೂ ಸ್ಕ್ಯಾನರ್ ಅದೇ ದೂರನ್ನು ಹೇಳುತ್ತದೆ.

ಮೊಬೈಲಿಗೆ ಬ್ಲೂಟೂತ್ ಮೂಲಕ ಸೇರುವ ಚಿಕ್ಕ ಡಾಂಗಲ್‌ಗಳು ಇನ್ನೂ ಅಗ್ಗ, ನಿಜ. ಅವುಗಳಲ್ಲಿ ಹೆಚ್ಚಿನವು ಇಎಲ್‌ಎಂ327 ಎಂಬ ಕೆನಡಾದ ಚಿಪ್ಪಿನ ನಕಲುಗಳು. ಮೂಲ ಕಂಪನಿ 2022ರಲ್ಲಿ ಬಾಗಿಲು ಮುಚ್ಚಿದೆ. ನಕಲುಗಳಲ್ಲಿ ಕೆಲವು ಚೆನ್ನಾಗಿಯೇ ಕೆಲಸ ಮಾಡುತ್ತವೆ, ಕೆಲವು ಅರ್ಧ ಆದೇಶಗಳಿಗೆ ಉತ್ತರವನ್ನೇ ಕೊಡುವುದಿಲ್ಲ; ಹೊರಗಿನಿಂದ ಎರಡೂ ಒಂದೇ. ಐಫೋನ್ ಇರುವವರಿಗೆ ಹಳೆಯ ಬ್ಲೂಟೂತ್ ಬಗೆಯವು ಹೊಂದುವುದೂ ಇಲ್ಲ. ಟವರ್ ಸಿಗದ ತಿರುವಿನಲ್ಲಿ, ಮಳೆಯಲ್ಲಿ, ಮೊಬೈಲ್ ಚಾರ್ಜ್ ಮುಗಿದಿರುವಾಗ ಕೇಬಲ್ ಚುಚ್ಚಿದ ಕೂಡಲೇ ಕಾರಿನಿಂದಲೇ ವಿದ್ಯುತ್ ಪಡೆದು ಬೆಳಗುವ ಕೈ ಸ್ಕ್ಯಾನರೇ ಮೇಲು. ಕೋಡಿನ ಅರ್ಥವೂ ಅದರ ಪರದೆಯ ಮೇಲೆಯೇ ಬರಬೇಕು. ಅಂಕಿ ಮಾತ್ರ ತೋರಿಸಿ ಅರ್ಥವನ್ನು ಇಂಟರ್‌ನೆಟ್ಟಿನಲ್ಲಿ ಹುಡುಕಿಸುವಂಥದ್ದು ಬೇಡ. ಲಾಂಚ್, ಆಟೆಲ್, ಆನ್ಸೆಲ್ ಹೆಸರುಗಳಲ್ಲಿ ನಿಮ್ಮ ಮೊತ್ತಕ್ಕೆ ಇಂಥವು ಸಿಗುತ್ತವೆ. ಮಾದರಿಯ ಹೆಸರಿಗಿಂತ ಮೇಲೆ ಹೇಳಿದ ಎರಡು ಸೌಲಭ್ಯಗಳನ್ನೂ, ಯುಎಸ್‌ಬಿ ಮೂಲಕ ಅಪ್‌ಡೇಟ್ ಮಾಡುವ ಅವಕಾಶವನ್ನೂ ನೋಡಿ.

ಆದರೆ ಈ ಬೆಲೆಯವು ಬಹುತೇಕ ಇಂಜಿನ್ ಕೋಡ್‌ಗಳನ್ನು ಮಾತ್ರ ಓದುತ್ತವೆ. ಎಬಿಎಸ್, ಏರ್‌ಬ್ಯಾಗ್ ದೀಪಗಳಿಗೆ ಬೇರೆ, ಹೆಚ್ಚು ಬೆಲೆಯ ಉಪಕರಣ ಬೇಕು. ಎಬಿಎಸ್ ಕೂಡ ಓದುತ್ತದೆ ಎಂದು ಬರೆದಿದ್ದರೆ ತಯಾರಕರ ಪಟ್ಟಿಯಲ್ಲಿ ನಿಮ್ಮ ಕಾರಿನ ಮಾದರಿ ಇದೆಯೇ ನೋಡಿ. ಭಾರತದಲ್ಲಿ ಮಾತ್ರ ಮಾರಾಟವಾಗುವ ಎಷ್ಟೋ ಮಾದರಿಗಳು ವಿದೇಶಿ ಪಟ್ಟಿಗಳಲ್ಲಿ ಇರುವುದಿಲ್ಲ.

ನಿಮ್ಮ ಕಾರು 2016ರದ್ದು ಎಂಬ ಕಾರಣಕ್ಕೆ ಇನ್ನೊಂದು ಎಚ್ಚರ. ನಮ್ಮಲ್ಲಿ ಬಿಎಸ್-4 (ಹೊಗೆಯ ಮಿತಿ ಹೇಳುವ ನಿಯಮ) ಕಾರುಗಳಿಗೆ ಒಬಿಡಿ-2, ಅಂದರೆ ದೋಷಗಳನ್ನು ತಾನೇ ಪತ್ತೆಹಚ್ಚಿ ಸ್ಕ್ಯಾನರಿಗೆ ತಿಳಿಸುವ ವ್ಯವಸ್ಥೆ, ಕಡ್ಡಾಯವಾದದ್ದು 2013ರ ಏಪ್ರಿಲ್‌ನಲ್ಲಿ, ಆದರೆ ಬಿಎಸ್-4 ಇಡೀ ದೇಶಕ್ಕೆ ಅನ್ವಯವಾದದ್ದು 2017ರ ಏಪ್ರಿಲ್ 1ರಂದು. ನಡುವಿನ ವರ್ಷಗಳ ಕಾರುಗಳಲ್ಲಿ ಸ್ಟೇರಿಂಗಿನ ಕೆಳಗೆ 16 ಪಿನ್ನಿನ ಸಾಕೆಟ್ ಸಾಮಾನ್ಯವಾಗಿ ಇರುತ್ತದೆ, ಆದರೂ ಎಲ್ಲ ಸ್ಕ್ಯಾನರುಗಳ ಜೊತೆ ಮಾತನಾಡುತ್ತದೆ ಎನ್ನುವಂತಿಲ್ಲ. ಆದ್ದರಿಂದ ಶಿವಮೊಗ್ಗದ ಅಂಗಡಿಗೆ ಕಾರನ್ನೇ ತೆಗೆದುಕೊಂಡು ಹೋಗಿ, ಚುಚ್ಚಿ, ಲೈವ್ ಡೇಟಾದಲ್ಲಿ ಇಂಜಿನ್ ವೇಗವೂ ಫ್ಯೂಯೆಲ್ ಟ್ರಿಮ್ಮೂ ಕಾಣುವುದನ್ನು ಕಣ್ಣಾರೆ ನೋಡಿ ದುಡ್ಡು ಕೊಡಿ. ಆನ್‌ಲೈನ್ ಆದರೆ ಹಿಂದಿರುಗಿಸುವ ಅವಕಾಶ ಇರುವಲ್ಲಿ ಮಾತ್ರ ಕೊಳ್ಳಿ.

ತಂದ ಮೇಲೆ ಅಳಿಸುವ ಗುಂಡಿಗೆ ಆತುರಪಡಬೇಡಿ. ಅಳಿಸಿದರೆ ಕೋಡಿನ ಜೊತೆ ಫ್ರೀಜ್ ಫ್ರೇಮ್ ಕೂಡ ಹೋಗುತ್ತದೆ, ಮೆಕ್ಯಾನಿಕ್‌ಗೆ ತೋರಿಸಲು ಏನೂ ಉಳಿಯುವುದಿಲ್ಲ. ಪರದೆಯ ಫೋಟೋ ತೆಗೆದಿಟ್ಟುಕೊಂಡು, ರಿಪೇರಿ ಮುಗಿದ ನಂತರ ಅಳಿಸಿ. ದೀಪ ಆರಿಸಲೆಂದು ಬ್ಯಾಟರಿ ಟರ್ಮಿನಲ್ ಕಳಚುವ ಅಭ್ಯಾಸವನ್ನೂ ಬಿಟ್ಟುಬಿಡಿ, ಎಷ್ಟೋ ಕಾರುಗಳಲ್ಲಿ ಅದರಿಂದಲೂ ಇದೇ ನಷ್ಟ. ದೀಪ ಸ್ಥಿರವಾಗಿ ಉರಿಯುತ್ತಿದ್ದು, ಗಾಡಿ ಎಂದಿನಂತೆ ಓಡುತ್ತಿದ್ದರೆ, ಬಿಸಿಯೂ ಏರದಿದ್ದರೆ ನಿಧಾನವಾಗಿ ಮನೆ ಸೇರಬಹುದು. ಮಿನುಗುತ್ತಿದ್ದರೆ ಮಾತ್ರ ಆಕ್ಸಲರೇಟರಿನಿಂದ ಕಾಲು ತೆಗೆದು, ಜಾಗ ಸಿಕ್ಕಲ್ಲಿ ನಿಲ್ಲಿಸಿ. ಅದು ಜೋರಾದ ಮಿಸ್ಸಿಂಗ್. ಉರಿಯದ ಪೆಟ್ರೋಲ್ ಸೈಲೆನ್ಸರ್ ದಾರಿಯಲ್ಲಿದ್ದು ಹೊಗೆಯನ್ನು ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅದನ್ನೇ ಸುಟ್ಟುಹಾಕುತ್ತದೆ, ಆ ಬಿಡಿಭಾಗದ ಬೆಲೆಯ ಮುಂದೆ ಸ್ಕ್ಯಾನರಿನದು ಏನೂ ಅಲ್ಲ.